ಹಳೆಯ ಕನ್ಸೋಲ್ ಆಟದೊಳಗೆ ಅದರ ಯಂತ್ರವನ್ನು ಕಾಣುವ ಬಗೆ

ಎಪ್ಪತ್ತು–ಎಂಬತ್ತರ ದಶಕದ ವಿಡಿಯೊ ಗೇಮ್ ಆಡಲು ಕುಳಿತವರು ಹತ್ತೇ ನಿಮಿಷಕ್ಕೆ ಬೇಸರಗೊಂಡು ಎದ್ದುಬಿಡುವುದುಂಟು. ಗೆಲ್ಲುವುದಕ್ಕಾಗಿ ಅಲ್ಲದೆ, ಪರದೆಯ ಮೇಲಿನ ಪ್ರತಿಯೊಂದು ವಸ್ತುವೂ ಏಕೆ ಹಾಗಿದೆ ಎಂದು ಕೇಳುತ್ತಾ ಆಡಿದರೆ ಆ ಆಟಗಳು ಬೇರೆಯೇ ಆಗಿ ತೋರುತ್ತವೆ. ಇದಕ್ಕೆ ಒಂದು ಕಂಪ್ಯೂಟರ್, ಒಂದು ಚೌಕುಳಿ ಲೆಕ್ಕದ ಪುಸ್ತಕ, ಒಂದು ಬಿಡುವಿನ ಮಧ್ಯಾಹ್ನ ಸಾಕು.

ಮೊದಲು 1977ರಲ್ಲಿ ಮಾರುಕಟ್ಟೆಗೆ ಬಂದ, ಟಿವಿಗೆ ಜೋಡಿಸಿ ಆಡುವ ಅಟಾರಿ 2600 ಎಂಬ ಕನ್ಸೋಲ್‌ನಿಂದ ತೊಡಗಿ. ಹಳೆಯ ಯಂತ್ರವನ್ನೇ ಹುಡುಕಬೇಕಿಲ್ಲ. ಅದರಂತೆಯೇ ವರ್ತಿಸುವ ‘ಸ್ಟೆಲ್ಲಾ’ ಎಂಬ ಉಚಿತ ತಂತ್ರಾಂಶವಿದೆ. ಆಡುವ ಮುನ್ನ ಕೆಲವು ಅಳತೆಗಳನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಈ ಯಂತ್ರದ ಸ್ಮರಣೆ ಕೇವಲ 128 ಬೈಟ್. ಅದರಲ್ಲಿ ಚಿತ್ರ ಮೂಡಿಸುವ ಚಿಪ್‌ಗೆ ತಿಳಿದಿರುವ ಚಲಿಸುವ ವಸ್ತುಗಳು ಐದೇ: ಇಬ್ಬರು ಆಟಗಾರರು, ಎರಡು ಗುಂಡು, ಒಂದು ಚೆಂಡು. ಇವುಗಳ ಹಿಂದೆ ಒಂದು ಹಿನ್ನೆಲೆ. ಅದರ ಎಡ ಅರ್ಧವನ್ನು 20 ಅಗಲವಾದ ತುಂಡುಗಳಲ್ಲಿ ಬರೆದರೆ, ಬಲ ಅರ್ಧದಲ್ಲಿ ಅದೇ ಮತ್ತೆ ಬರುತ್ತದೆ ಇಲ್ಲವೇ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ. ಇಡೀ ಚಿತ್ರವನ್ನು ಇಟ್ಟುಕೊಳ್ಳಲು ಜಾಗವಿಲ್ಲದ ಕಾರಣ, ಟಿವಿ ಪ್ರತಿ ಗೆರೆಯನ್ನು ಎಳೆಯುವ ಹೊತ್ತಿಗೆ ಸರಿಯಾಗಿ ಆ ಗೆರೆಯ ವಿವರವನ್ನು ಒದಗಿಸುವುದು ಪ್ರೋಗ್ರಾಂ ಬರೆದವರ ಹೊಣೆಯಾಗಿತ್ತು. ಇಬ್ಬರು, ಅವರ ಗುಂಡುಗಳು, ಒಂದು ಚೆಂಡು ಎಂಬ ಈ ಲೆಕ್ಕ ಯಾವ ಬಗೆಯ ಆಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದೆಂಬುದು, ಯಂತ್ರದ ಜೊತೆಗೇ ಬರುತ್ತಿದ್ದ ‘ಕಾಂಬ್ಯಾಟ್’ ಎಂಬ ಟ್ಯಾಂಕುಗಳ ಕಾಳಗವನ್ನು ಒಮ್ಮೆ ಆಡಿದರೆ ತಿಳಿಯುತ್ತದೆ.

ಈಗ ಡೇವಿಡ್ ಕ್ರೇನ್ 1982ರಲ್ಲಿ ರೂಪಿಸಿದ, ಕಾಡಿನಲ್ಲಿ ನಿಧಿ ಹುಡುಕುವ ‘ಪಿಟ್‌ಫಾಲ್’ ಆಟ ತೆರೆಯಿರಿ. ಮೊದಲ ಪರದೆಯಲ್ಲೇ ನಿಂತು ಮರಗಳನ್ನು ನೋಡಿ: ಎಡದ ಕಾಡು ಬಲದಲ್ಲಿ ಕನ್ನಡಿಯ ಬಿಂಬದಂತೆ ಮರುಕಳಿಸಿದೆ. ಸ್ಟೆಲ್ಲಾದಲ್ಲಿ ಆ ಐದು ವಸ್ತುಗಳನ್ನೂ ಹಿನ್ನೆಲೆಯನ್ನೂ ಒಂದೊಂದಾಗಿ ಮರೆಮಾಡುವ ಸೌಲಭ್ಯವಿದೆ. ಬಳ್ಳಿ ತೂಗಾಡುವ ಪರದೆಗೆ ಬಂದಾಗ ಅದನ್ನು ಬಳಸಿ, ಯಾವುದನ್ನು ಮರೆಮಾಡಿದಾಗ ಬಳ್ಳಿ ಮಾಯವಾಗುತ್ತದೆ, ಯಾವುದಕ್ಕೆ ನಾಯಕ ಹ್ಯಾರಿ ಮಾಯವಾಗುತ್ತಾನೆ ಎಂದು ಗುರುತಿಸಿಕೊಳ್ಳಿ. ನನ್ನ ಮಟ್ಟಿಗೆ ಈ ಒಂದು ಪರೀಕ್ಷೆ ಎಷ್ಟೋ ವಿವರಣೆಗಳಿಗಿಂತ ಹೆಚ್ಚು ಕಲಿಸುತ್ತದೆ. ಬಳಿಕ ಪರದೆಗಳನ್ನು ಎಣಿಸುತ್ತಾ ಸಾಗಿ. ಒಟ್ಟು 255 ಪರದೆಗಳಿವೆ, ಆಟವನ್ನು ತುಂಬಿ ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಡ್ಜ್ ಮಾತ್ರ 4 ಕಿಲೋಬೈಟಿನದು. ಅಷ್ಟು ಪರದೆಗಳ ವಿವರವನ್ನು ಅದರಲ್ಲಿ ತುಂಬಿಡಲು ಸಾಧ್ಯವೇ ಇಲ್ಲ. ಆದ್ದರಿಂದ ಕ್ರೇನ್ ಒಂದು ಬೈಟನ್ನು ಗೊತ್ತಾದ ನಿಯಮದಂತೆ ಜರುಗಿಸಿ ಮುಂದಿನ ಪರದೆಯ ಸಂಖ್ಯೆಯನ್ನು ಹುಟ್ಟಿಸಿದರು. ಆ ಸಂಖ್ಯೆಯೇ ಹಳ್ಳ, ಮೊಸಳೆ, ನಿಧಿಗಳನ್ನು ನಿರ್ಧರಿಸುತ್ತದೆ. ಸೊನ್ನೆಯೊಂದನ್ನು ಬಿಟ್ಟರೆ ಒಂದು ಬೈಟಿನ ಎಂಟು ಬಿಟ್‌ಗಳಿಂದ ಆಗುವ ಸಂಖ್ಯೆಗಳು 255. ನಿಯಮವನ್ನು ಹಿಮ್ಮುಖವಾಗಿಯೂ ನಡೆಸಬಹುದಾದ್ದರಿಂದ ಹ್ಯಾರಿ ಎಡಕ್ಕೆ ಹೊರಟರೆ ಬಿಟ್ಟುಬಂದ ಕಾಡೇ ಸಿಗುತ್ತದೆ.

ಆಟದೊಳಗೆ ಯಂತ್ರವಷ್ಟೇ ಅಲ್ಲ, ಅದನ್ನು ರಚಿಸಿದವರ ಬದುಕೂ ಕಾಣುತ್ತದೆ. ಅದನ್ನು ಕಾಣಲು 1980ರ ‘ಅಡ್ವೆಂಚರ್’ ಆಡಬೇಕು. ಆಗ ಅಟಾರಿ ಆಟಗಳ ಮೇಲೆ ರಚಿಸಿದವರ ಹೆಸರು ಇರುತ್ತಿರಲಿಲ್ಲ. ವಾರೆನ್ ರಾಬಿನೆಟ್ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆಯಲ್ಲಿ ತಮ್ಮ ಹೆಸರನ್ನು ಬರೆದಿಟ್ಟರು. ಎರಡನೆಯ ಅಥವಾ ಮೂರನೆಯ ಹಂತವನ್ನು ಆರಿಸಿ, ಕಪ್ಪು ಕೋಟೆಯೊಳಗೆ ಹಿನ್ನೆಲೆಯ ಬಣ್ಣದಲ್ಲೇ ಕಲೆತುಹೋದ ಒಂದು ಚುಕ್ಕೆಯನ್ನು ಹುಡುಕಿರಿ. ಕೋಣೆಗೆ ದಾರಿ ಅದರಿಂದಲೇ. ಹೆಸರಿನ ಇದೇ ಕೊರಗು, ದುಡಿಮೆಗೆ ತಕ್ಕ ಪಾಲು ಸಿಗದ ನೋವು ಕ್ರೇನ್ ಮತ್ತು ಅವರ ಸಂಗಡಿಗರನ್ನು ಅಟಾರಿಯಿಂದ ಹೊರನಡೆಸಿತು. 1979ರಲ್ಲಿ ಅವರು ಆ್ಯಕ್ಟಿವಿಷನ್ ಕಟ್ಟಿದರು. ಆ ಕಂಪನಿ ರಚಿಸಿದವರ ಹೆಸರನ್ನು ಮುದ್ರಿಸಿತಷ್ಟೇ ಅಲ್ಲದೆ, ಟಿವಿ ಪರದೆಯ ಫೋಟೊ ತೆಗೆದು ಹೆಚ್ಚಿನ ಅಂಕವನ್ನು ರುಜುವಾತು ಮಾಡಿದವರಿಗೆ ಬಟ್ಟೆಯ ಲಾಂಛನವನ್ನು ಅಂಚೆಯಲ್ಲಿ ಕಳುಹಿಸುತ್ತಿತ್ತು. ‘ಪಿಟ್‌ಫಾಲ್’ಗೆ ಬೇಕಾಗಿದ್ದದ್ದು 20,000 ಅಂಕ, ನೀವೂ ಅದನ್ನೇ ಗುರಿಯಾಗಿಟ್ಟುಕೊಳ್ಳಿ.

ಮುಂದಿನದು ನಮಗೆ ಹತ್ತಿರದ್ದು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ ಟಿವಿ ಗೇಮ್‌ಗಳಲ್ಲಿ ಅನೇಕವು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು. ‘ಸೂಪರ್ ಮಾರಿಯೊ ಬ್ರದರ್ಸ್’ ಮತ್ತೆ ಆಡುವಾಗ ಮೋಡವನ್ನೂ ಪೊದೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ: ಆಕಾರ ಒಂದೇ, ಬದಲಾದದ್ದು ಬಣ್ಣ ಮಾತ್ರ. ‘ಕಾಂಟ್ರಾ’ದಂಥ ಆಟದಲ್ಲಿ ಗುಂಡು, ಶತ್ರುಗಳು ಮಿನುಗುವುದನ್ನು ಕಂಡರೆ ಅಲ್ಲೇ ಆಟ ನಿಲ್ಲಿಸಿ, ಒಂದೇ ಅಡ್ಡಗೆರೆಯಲ್ಲಿ ಎಷ್ಟು ವಸ್ತುಗಳಿವೆ ಎಂದು ನೋಡಿ, ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಿತ್ರತುಣುಕುಗಳನ್ನು ಆ ಯಂತ್ರ ತೋರಿಸಲಾರದು, ಆದ್ದರಿಂದ ಆಟ ಅವನ್ನು ಸರದಿಯಲ್ಲಿ ತೋರಿಸುತ್ತದೆ.

ಕೊನೆಗೆ ಲೆಕ್ಕದ ಪುಸ್ತಕಕ್ಕೆ ಬನ್ನಿ. ಅಟಾರಿ 2600ರ ಆಟಗಾರನ ಚಿತ್ರದಂತೆ ಎಂಟು ಚೌಕಗಳ ಅಗಲದಲ್ಲಿ ಓಡುವ ಮನುಷ್ಯನೊಬ್ಬನನ್ನು ಬರೆಯಿರಿ. ಎತ್ತರ ನಿಮ್ಮಿಷ್ಟ, ಆದರೆ ಒಂದು ಸಾಲಿಗೆ ಒಂದೇ ಬಣ್ಣ. ಕೈ ಬೀಸಿದರೆ ಎದೆಗೆ ಚೌಕ ಉಳಿಯುವುದಿಲ್ಲ, ಕಾಲು ಚಾಚಿದರೆ ಪಾದಕ್ಕೆ ಜಾಗ ಸಾಲುವುದಿಲ್ಲ. ಕ್ರೇನ್ ಶುರು ಮಾಡಿದ್ದೂ ಹೀಗೆ ಓಡುವ ಪುಟ್ಟ ಮನುಷ್ಯನಿಂದಲೇ. ಅವನಿಗೆ ಓಡಲು ಒಂದು ದಾರಿ ಬೇಕೆಂದು ಆಮೇಲೆ ಕಾಡು ಬಂತು.