ಅಟ್ಟದ ಮೇಲೆ ಫೋನು, ಕೆಳಗೆ ಲ್ಯಾಪ್‌ಟಾಪು

ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಹಂಚುವಾಗ ಸಿಗ್ನಲ್ ಬೇಕಾದದ್ದು ಫೋನಿಗೆ, ಲ್ಯಾಪ್‌ಟಾಪಿಗೆ ಅಲ್ಲ. ಇಷ್ಟು ಸಣ್ಣ ಸಂಗತಿ ನನ್ನ ತಲೆಗೆ ಹೋಗಲು ಒಂದು ಮಳೆಗಾಲವೇ ಬರಬೇಕಾಯಿತು.

ನಾನು ತೆರಿಗೆ ಲೆಕ್ಕ ನೋಡುವವನು. ಕೆಲವು ಅಡಿಕೆ ವ್ಯಾಪಾರಿಗಳು, ಎರಡು ಕಿರಾಣಿ ಅಂಗಡಿ, ಒಂದು ಹಾರ್ಡ್‌ವೇರ್ ಅಂಗಡಿ, ನಾಲ್ಕಾರು ಗುತ್ತಿಗೆದಾರರು, ಇವರ ಜಿಎಸ್‌ಟಿ ರಿಟರ್ನ್ ತುಂಬಿ ಹೊಟ್ಟೆ ಹೊರೆಯುತ್ತೇನೆ. 2020ರಲ್ಲಿ ಪೇಟೆಯ ಬಾಡಿಗೆ ಕೋಣೆ ಬಿಟ್ಟು ಶಿರಸಿ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಗೆ ಬಂದು ಕೂತೆ. ಪ್ರತಿ ತಿಂಗಳು 20ನೆಯ ತಾರೀಖು ನನ್ನ ಪಾಲಿಗೆ ಪರೀಕ್ಷೆಯ ದಿನ. ಜಿಎಸ್‌ಟಿಆರ್-3ಬಿ ಎಂಬ ತಿಂಗಳ ರಿಟರ್ನ್ ಅಂದು ಹೋಗದಿದ್ದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. ಕಟ್ಟುವವರು ಗಿರಾಕಿಗಳು, ಬೈಸಿಕೊಳ್ಳುವವನು ನಾನು.

ಫೋನನ್ನು ಕಂಪ್ಯೂಟರಿಗೆ ಜೋಡಿಸುವುದು ನನಗೆ ಹೊಸದೇನೂ ಆಗಿರಲಿಲ್ಲ. 2009ರ ಸುಮಾರಿಗೆ, ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ಗುಂಡಿ ಒತ್ತುವ ನೋಕಿಯಾ ಫೋನನ್ನು ಬ್ಲೂಟೂತ್ ಮೂಲಕ ಕಂಪ್ಯೂಟರಿಗೆ ಕಟ್ಟಿ, ಅದನ್ನೇ ಮೋಡೆಮ್ ಮಾಡಿಕೊಂಡು *99# ಎಂಬ ಸಂಖ್ಯೆಗೆ ಡಯಲ್ ಮಾಡುತ್ತಿದ್ದೆವು. 10 ಕೆಬಿಗೆ 10 ಪೈಸೆ, ಅಂದರೆ ಒಂದು ಎಂಬಿಗೆ ಸುಮಾರು ಹತ್ತು ರೂಪಾಯಿ. ಪುಟದ ಚಿತ್ರಗಳು ಬರದಂತೆ ಬ್ರೌಸರಿನಲ್ಲಿ ಮೊದಲೇ ತಡೆದು ಕೂರುತ್ತಿದ್ದೆವು. ಆಂಡ್ರಾಯ್ಡ್ 2.2 ಬಂದದ್ದು 2010ರಲ್ಲಿ. ಫೋನಿನೊಳಗೇ ಇಂಟರ್ನೆಟ್ಟನ್ನು ವೈಫೈಯಾಗಿ ಹಂಚುವ ಹಾಟ್‌ಸ್ಪಾಟ್ ಗುಂಡಿ ಸೇರಿದ್ದು ಆಗ. ಅಲ್ಲಿಂದ ಈ ಕೆಲಸಕ್ಕೆ ವಿದ್ಯೆ ಬೇಕಾಗಿಲ್ಲ ಎಂದುಕೊಂಡಿದ್ದೆ.

2022ರ ಜುಲೈ 17ರ ರಾತ್ರಿ ಗಾಳಿಮಳೆಗೆ ತೋಟದ ಅಂಚಿನ ಮತ್ತಿ ಮರವೊಂದು ಉರುಳಿ ಇಂಟರ್ನೆಟ್ ತಂತಿಯನ್ನು ಹರಿದುಕೊಂಡು ಹೋಯಿತು. ಫೋನ್ ಮಾಡಿ ಕೇಳಿದರೆ ಮಳೆ ಹೊಳವಾಗಬೇಕು, ಒಂದು ವಾರ ಹಿಡಿಯಬಹುದು ಎಂಬ ಉತ್ತರ. ತಾರೀಖು 20ಕ್ಕೆ ಮೂರೇ ದಿನ. ಹಾಟ್‌ಸ್ಪಾಟ್ ಹಚ್ಚಿ ಫೋನನ್ನು ಲ್ಯಾಪ್‌ಟಾಪಿನ ಪಕ್ಕದಲ್ಲೇ ಇಟ್ಟುಕೊಂಡೆ. ಲ್ಯಾಪ್‌ಟಾಪಿನ ಮೂಲೆಯಲ್ಲಿ ವೈಫೈ ಗೆರೆಗಳು ತುಂಬಿ ತುಳುಕುತ್ತಿದ್ದವು, ಪುಟ ಮಾತ್ರ ತೆರೆಯಲೊಲ್ಲದು. ಲ್ಯಾಪ್‌ಟಾಪನ್ನು ಬೈದೆ, ಆರಿಸಿ ಹಚ್ಚಿದೆ, ಬ್ರೌಸರ್ ಬದಲಿಸಿದೆ. ಅರ್ಧ ದಿನ ಹೋಯಿತು.

ತಪ್ಪು ಎಲ್ಲಿತ್ತು ಎಂದರೆ, ಇಲ್ಲಿ ಇರುವುದು ಒಂದು ದಾರಿಯಲ್ಲ, ಎರಡು. ಟವರಿನಿಂದ ಫೋನಿಗೆ ಒಂದು, ಫೋನಿನಿಂದ ಲ್ಯಾಪ್‌ಟಾಪಿಗೆ ಇನ್ನೊಂದು. ಲ್ಯಾಪ್‌ಟಾಪ್ ತೋರಿಸುವ ಗೆರೆ ಎರಡನೆಯದರದ್ದು ಮಾತ್ರ. ನಮ್ಮಲ್ಲಿ ಗುಡ್ಡದ ಅಬ್ಬಿಯಿಂದ ಪೈಪು ಎಳೆದು ಮನೆಗೆ ನೀರು ತರುತ್ತಾರಲ್ಲ, ಹಾಗೆ. ಹಂಡೆಯ ಬಾಯಿಗೆ ಎಷ್ಟು ದೊಡ್ಡ ನಲ್ಲಿ ಕೂರಿಸಿದರೂ ಮೇಲೆ ಅಬ್ಬಿಯೇ ಸೊರಗಿದ್ದರೆ ಏನು ಬಂದೀತು? ನನ್ನ ಕೋಣೆಗೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೂರು ಕಡೆ ಗುಡ್ಡ. ಫೋನು ಅಲ್ಲಿ ಉಸಿರು ಕಟ್ಟಿಕೊಂಡು ಕೂತಿತ್ತು.

ಫೋನಿನ ಮೇಲಿನ ಗೆರೆಗಳನ್ನು ನಂಬುವುದನ್ನು ಅಂದೇ ಬಿಟ್ಟೆ. ಎಷ್ಟು ಸಿಗ್ನಲಿಗೆ ಎಷ್ಟು ಗೆರೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಸರಿಯಾದ ಅಂಕಿ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ ‘ಸಿಮ್ ಸ್ಟೇಟಸ್’ ಎಂಬಲ್ಲಿ ಇರುತ್ತದೆ, ಸಿಗ್ನಲಿನ ಬಲ ಅಳೆಯುವ ಡಿಬಿಎಂ ಲೆಕ್ಕದಲ್ಲಿ. ಅದು ಋಣ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ -80 ಆದರೆ ಹಬ್ಬ, -110ರ ಕೆಳಗೆ ಹೋದರೆ ಪರದಾಟ, -120ಕ್ಕೆ ಬಂತೆಂದರೆ ಫೋನನ್ನು ಕಿಸೆಗೆ ಹಾಕಿಕೊಳ್ಳಬಹುದು.

ಆ ಅಂಕಿ ನೋಡುತ್ತ ಮನೆಯೆಲ್ಲ ತಿರುಗಿದೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬಾವಿಯ ಜಾಗ ಹುಡುಕುವವರು ಬರುತ್ತಾರಲ್ಲ, ಥೇಟ್ ಅದೇ ನಡಿಗೆ. ಒಂದೊಂದು ಜಾಗದಲ್ಲಿ ಅರ್ಧ ನಿಮಿಷ ನಿಲ್ಲಬೇಕು, ಅಂಕಿ ತಡವಾಗಿ ಬದಲಾಗುತ್ತದೆ. ಜಗಲಿಯ ಆರಾಮಕುರ್ಚಿಯಿಂದ ನೋಡುತ್ತಿದ್ದ ಅಪ್ಪಯ್ಯ, “ಎಷ್ಟು ಅಡಿಗೆ ನೀರಿದೆಯಂತೆ?” ಎಂದು ಕೇಳಿದರು. ಅಡುಗೆಮನೆಯಲ್ಲಿ -118. ನನ್ನ ಕೋಣೆಯಲ್ಲಿ -114. ಜಗಲಿಯಲ್ಲಿ -109. ಕೊಟ್ಟಿಗೆಯಲ್ಲಿ ಏನೂ ಇಲ್ಲ, ಮೇಲೆ ತಗಡಿನ ಮಾಡು. ಅಲೆ ತಗಡನ್ನು ದಾಟುವುದಿಲ್ಲ, ಹೆಂಚನ್ನು ದಾಟುತ್ತದೆ. ಕೊನೆಗೆ ಅಡಿಕೆ ಚೀಲ ಒಟ್ಟುವ ಅಟ್ಟದ ಪೂರ್ವದ ಕಿಟಕಿಯಲ್ಲಿ -97 ಬಂತು. ಅಡುಗೆಮನೆಗೂ ಕಿಟಕಿಗೂ 21ರ ವ್ಯತ್ಯಾಸ. ಈ ಲೆಕ್ಕದಲ್ಲಿ ಹತ್ತು ಹೆಚ್ಚಿದರೆ ಬಲ ಹತ್ತು ಪಟ್ಟು, ಇಪ್ಪತ್ತು ಹೆಚ್ಚಿದರೆ ನೂರು ಪಟ್ಟು. ಒಂದೇ ಸೂರಿನಡಿ ನೂರು ಪಟ್ಟು ಸಿಗ್ನಲ್ ಇಟ್ಟುಕೊಂಡು ನಾನು ಲ್ಯಾಪ್‌ಟಾಪನ್ನು ಬೈಯುತ್ತಿದ್ದೆ.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಎರಡು ಬೇರೆ ಕಂಪನಿಗಳ ಸಿಮ್ ಹಾಕಿ ನೋಡಿದಾಗ, ಪೇಟೆಯಲ್ಲಿ ಓಡುತ್ತಿದ್ದದ್ದು ಇಲ್ಲಿ ಕುಂಟಿತು, ಪೇಟೆಯಲ್ಲಿ ಕುಂಟುತ್ತಿದ್ದದ್ದು ಇಲ್ಲಿ ನಡೆಯಿತು. ಕಾರಣ ಅಲೆಯ ಜಾತಿ. 850 ಮೆಗಾಹರ್ಟ್ಸ್‌ನಂತಹ ಕೆಳಗಿನ ಅಲೆ ದೂರ ಸಾಗುತ್ತದೆ, ಗೋಡೆಯನ್ನೂ ಅಷ್ಟಿಷ್ಟು ದಾಟುತ್ತದೆ. 2300ರ ಅಲೆಯಲ್ಲಿ ಹೊರೆ ಹೊರುವ ಶಕ್ತಿ ಹೆಚ್ಚು, ಆದರೆ ಗುಡ್ಡ ಅಡ್ಡ ಬಂದರೆ ಅದರ ಆಟ ಮುಗಿಯಿತು. ಊರಿಗೆ ಯಾವುದು ಹಿಡಿಯುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿದರೆ ಸಾಲದು, ನಿಮ್ಮ ಕಿಟಕಿಯಲ್ಲೇ ನೋಡಬೇಕು.

ಫೋನನ್ನು ಅಟ್ಟದಲ್ಲಿ ಬಿಟ್ಟು ಕೆಳಗೆ ಬಂದೆ. ಈಗ ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟೇ ಕಾಣಿಸಲಿಲ್ಲ! ಫೋನು 5 ಗಿಗಾಹರ್ಟ್ಸ್‌ನಲ್ಲಿ ಹಂಚುತ್ತಿತ್ತು. ವೇಗದ ಅಲೆ, ನಡುವೆ ಹಲಗೆ, ಹಲಗೆಯ ಮೇಲೆ ಮಣ್ಣು. ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ ಎಂಬಲ್ಲಿ 2.4ಕ್ಕೆ ಬದಲಿಸಿದೆ, ಬಂತು. ಹಳೆಯ ಲ್ಯಾಪ್‌ಟಾಪುಗಳಿಗೆ 5 ಕಾಣುವುದೇ ಇಲ್ಲ, ಅವಕ್ಕೂ ಇದೇ ಮದ್ದು. ಐಫೋನಿನಲ್ಲಿ ಇದೇ ಕೆಲಸಕ್ಕೆ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಎಂಬ ಉದ್ದದ ಹೆಸರಿನ ಗುಂಡಿ ಇದೆ. ಆ ತಿಂಗಳ ರಿಟರ್ನುಗಳೆಲ್ಲ 19ರ ರಾತ್ರಿಯೇ ಹೋದವು.

ಆದರೆ ಹಾಟ್‌ಸ್ಪಾಟಿನ ಇನ್ನೊಂದು ಚಾಳಿ ಬೇಸರ ತಂದಿತು. ಊಟಕ್ಕೆ ಎದ್ದು ಹೋದರೆ ಲ್ಯಾಪ್‌ಟಾಪ್ ನಿದ್ದೆ ಮಾಡುತ್ತದೆ. ಯಾರೂ ಬಳಸುತ್ತಿಲ್ಲ ಎಂದು ಹತ್ತು ನಿಮಿಷಕ್ಕೆ ಫೋನು ಹಾಟ್‌ಸ್ಪಾಟನ್ನು ಮುಚ್ಚುತ್ತದೆ. ಮತ್ತೆ ಏಣಿ ಹತ್ತಬೇಕು. ತಾನಾಗಿ ಮುಚ್ಚದಂತೆ ಮಾಡುವ ಗುಂಡಿ ಅದರಲ್ಲೇ ಇದೆ ಎಂದು ತಿಳಿಯುವ ಹೊತ್ತಿಗೆ ನಾನು ತಂತಿಗೆ ಮನಸ್ಸು ಮಾಡಿಯಾಗಿತ್ತು. ಅಟ್ಟದ ಹಲಗೆಗಳ ಸಂದಿ ನನ್ನ ಮೇಜಿನ ಮೇಲೆಯೇ ಬರುತ್ತದೆ. ಅಲ್ಲಿಂದ ಯುಎಸ್‌ಬಿ ತಂತಿ ಇಳಿಬಿಟ್ಟರೆ ವೈಫೈ ಗೊಡವೆಯೇ ಇಲ್ಲ.

ಪೇಟೆಯಿಂದ ಮೂರು ಮೀಟರಿನ ತಂತಿ ತಂದೆ. ಜೋಡಿಸಿದರೆ ಫೋನು ಚಾರ್ಜ್ ಆಗುತ್ತದೆ, ಯುಎಸ್‌ಬಿ ಟೆದರಿಂಗ್ (ತಂತಿಯಲ್ಲಿ ಇಂಟರ್ನೆಟ್ ಹಂಚುವ) ಗುಂಡಿ ಮಾತ್ರ ಬೂದು ಬಣ್ಣದಲ್ಲಿ ಸತ್ತು ಬಿದ್ದಿದೆ. ಡ್ರೈವರ್ ತಂತ್ರಾಂಶ ಹುಡುಕಿದೆ, ವಿಂಡೋಸ್ ಅಪ್‌ಡೇಟ್ ಮಾಡಿದೆ. ದೋಷ ಇದ್ದದ್ದು ತಂತಿಯಲ್ಲಿ. ಸಾಮಾನ್ಯ ಯುಎಸ್‌ಬಿ ತಂತಿಯೊಳಗೆ ನಾಲ್ಕು ಎಳೆ, ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಅಗ್ಗದ ಚಾರ್ಜಿಂಗ್ ತಂತಿಗಳಲ್ಲಿ ಮಾಹಿತಿಯ ಎಳೆಗಳನ್ನೇ ಹಾಕಿರುವುದಿಲ್ಲ. ಮರುದಿನ ಅಂಗಡಿಗೆ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋಗಿ, ಫೋನಿನೊಳಗಿನ ಫೋಟೊ ಕಂಪ್ಯೂಟರಿನಲ್ಲಿ ಕಾಣುವ ತಂತಿಯನ್ನು ಆರಿಸಿ ತಂದೆ. ಐದು ಮೀಟರಿಗಿಂತ ಉದ್ದದ್ದನ್ನು ಕೊಳ್ಳಬೇಡಿ, ಯುಎಸ್‌ಬಿ 2ರ ಮಿತಿ ಅಷ್ಟೇ. ಐಫೋನಿದ್ದವರು ವಿಂಡೋಸಿನಲ್ಲಿ ಆಪಲ್‌ನ ತಂತ್ರಾಂಶವನ್ನೂ ಹಾಕಿಕೊಳ್ಳಬೇಕು, ಆಂಡ್ರಾಯ್ಡಿಗೆ ಅದು ಬೇಕಾಗಿಲ್ಲ.

ತಂತಿಗೂ ಒಂದು ಕೊಂಕು ಇತ್ತು. ಇಲಿಯೋ ಗಾಳಿಯೋ ಅಲುಗಿಸಿ ಸಂಪರ್ಕ ಒಂದು ಕ್ಷಣ ತಪ್ಪಿದರೆ ಟೆದರಿಂಗ್ ಗುಂಡಿ ತಾನೇ ಆರುತ್ತದೆ, ಮತ್ತೆ ಏಣಿ. ಇದಕ್ಕೆ ಪರಿಹಾರ ಸಿಕ್ಕಿದ್ದು ಡೆವಲಪರ್ ಆಪ್ಷನ್ಸ್ ಒಳಗೆ. ‘ಅಬೌಟ್ ಫೋನ್’ನಲ್ಲಿ ಬಿಲ್ಡ್ ನಂಬರನ್ನು ಏಳು ಬಾರಿ ಒತ್ತಿದರೆ ಆ ಬಾಗಿಲು ತೆರೆಯುತ್ತದೆ. ಅಲ್ಲಿ ‘ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್’ ಎಂಬಲ್ಲಿ ಟೆದರಿಂಗ್ ಆರಿಸಿಟ್ಟರೆ ತಂತಿ ಚುಚ್ಚಿದೊಡನೆ ಇಂಟರ್ನೆಟ್ ಹರಿಯುತ್ತದೆ. ಒಂದೇ ಷರತ್ತು, ಫೋನಿನ ತೆರೆಗೆ ಬೀಗ ಇರಬಾರದು.

ಎಲ್ಲ ಸರಿಹೋಯಿತು ಎನ್ನುವಾಗ ಆಗಸ್ಟಿನ 20 ಬಂತು. ರಿಟರ್ನ್ ಸಲ್ಲಿಸುವ ಕೊನೆಯ ಹೆಜ್ಜೆಯಲ್ಲಿ ಒಟಿಪಿ ಹೋಗುವುದು ಗಿರಾಕಿಯ ಮೊಬೈಲಿಗೆ. ಅವರು ನನಗೆ ಫೋನ್ ಮಾಡಿ ಹೇಳಬೇಕು. ನನ್ನ ಫೋನಿನಲ್ಲಿ ಎರಡು ಸಿಮ್, ಒಂದರಲ್ಲಿ ಡೇಟಾ, ಇನ್ನೊಂದರಲ್ಲಿ ಎಲ್ಲರಿಗೂ ಗೊತ್ತಿರುವ ಹಳೆಯ ನಂಬರ್. ಕಿರಾಣಿ ಅಂಗಡಿಯ ಹಿರಿಯರ ಕರೆ ಬಂತು. ಅಟ್ಟಕ್ಕೆ ಓಡಿ ಎತ್ತಿದೆ. “ಬರೆದುಕೊ ತಮ್ಮಾ, ನಾಲ್ಕು, ಏಳು…” ಆರೂ ಅಂಕಿ ಮುಗಿದ ಮೇಲೆ ಅವರ ಮಾತು ಮುಗಿಯಬೇಕಲ್ಲ. ನಿಮ್ಮಲ್ಲಿ ಮಳೆ ಹೇಗೆ, ಅಡಿಕೆಗೆ ಕೊಳೆರೋಗ ಬಂತೇ, ಎರಡನೆಯ ಔಷಧಿ ಹೊಡೆಸಿದಿರೇ? ಕೆಳಗೆ ಬಂದು ಅಂಕಿ ತುಂಬಿ ಒತ್ತಿದರೆ ಪುಟ ಸುಮ್ಮನೆ ತಿರುಗುತ್ತಿದೆ. ಆಮೇಲೆ ಲಾಗಿನ್ ಪುಟಕ್ಕೇ ಬಂದು ನಿಂತಿತು. ಮತ್ತೊಂದು ಒಟಿಪಿ, ಮತ್ತೊಂದು ಕರೆ, ಮತ್ತೆ ಅದೇ. ಮೂರನೆಯ ಸಲಕ್ಕೆ ಹೊಳೆಯಿತು. ನನ್ನಂತಹ ಫೋನುಗಳಲ್ಲಿ ಎರಡನೆಯ ಸಿಮ್ಮಿನಲ್ಲಿ ಮಾತು ನಡೆಯುತ್ತಿರುವಷ್ಟು ಹೊತ್ತು ಮೊದಲನೆಯದರ ಡೇಟಾ ನಿಂತಿರುತ್ತದೆ, ಮುಗಿದ ಮೇಲೂ ಚೇತರಿಸಿಕೊಳ್ಳಲು ಕೆಲವು ಕ್ಷಣ ಬೇಕು. ಒಟಿಪಿ ಹೇಳುವ ಕರೆಯೇ ಒಟಿಪಿ ಹೋಗುವ ದಾರಿಯನ್ನು ಕಡಿಯುತ್ತಿತ್ತು.

ಕೆಲವು ಫೋನುಗಳಲ್ಲಿ ಕರೆಯ ನಡುವೆಯೂ ಡೇಟಾ ನಡೆಸುವ ಸೌಲಭ್ಯ ಇದೆ, ನನ್ನದರಲ್ಲಿ ಇರಲಿಲ್ಲ. ಡೇಟಾ ಸಿಮ್ಮನ್ನು ತೆಗೆದು, ಗಾಜು ಒಡೆದು ಮೂಲೆಗೆ ಬಿದ್ದಿದ್ದ ಹಳೆಯ ಫೋನಿಗೆ ಹಾಕಿದೆ. ಅದರಲ್ಲಿ ಬ್ಯಾಂಕಿನ ಆ್ಯಪ್ ಇಲ್ಲ, ಫೋಟೊ ಇಲ್ಲ, ಬೀಗ ತೆಗೆದಿಟ್ಟರೂ ಚಿಂತೆಯಿಲ್ಲ. ಅದಕ್ಕೆ ಅಡಿಕೆ ಹಾಳೆಯನ್ನು ನೆನೆಸಿ ಮಡಚಿ ಒಂದು ಕೊಟ್ಟೆ ಹೊಲಿದು ಕಿಟಕಿಯ ಸರಳಿಗೆ ಕಟ್ಟಿದೆ. ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಾಗ ಕಾಯುತ್ತಿದ್ದ ಫೋನು ಹಾಳೆಯಲ್ಲಿ ತಣ್ಣಗಿರುತ್ತದೆ. ಏಪ್ರಿಲಿನ ಬೆಳಗಿನ ಬಿಸಿಲಿಗೆ ಮಾತ್ರ ಕಿಟಕಿಗೆ ಒಂದು ಗೋಣಿತಟ್ಟು ಇಳಿಬಿಡಬೇಕು.

ಡೇಟಾ ಸೋರಿದ ಕಥೆ ಚಿಕ್ಕದು. ದಿನಕ್ಕೆ 2 ಜಿಬಿಯ ಪ್ಯಾಕು. ಒಂದು ದಿನ ಬೆಳಗ್ಗೆ ಹತ್ತೂವರೆಗೇ ಖಾಲಿ. ಆಮೇಲೆ ಸಿಗುವುದು 64 ಕೆಬಿಪಿಎಸ್, ಒಂದು ಎಂಬಿ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು. ಕುಡಿದವನು ವಿಂಡೋಸ್. ಯುಎಸ್‌ಬಿ ತಂತಿಯಲ್ಲಿ ಬರುವುದನ್ನು ಅದು ಈಥರ್ನೆಟ್ ಎಂದು ತಿಳಿಯುತ್ತದೆ. ಮನೆಗೆ ದೊಡ್ಡ ಬ್ರಾಡ್‌ಬ್ಯಾಂಡ್ ಬಂದಿದೆ ಎಂಬ ಸಂಭ್ರಮದಲ್ಲಿ ಅಪ್‌ಡೇಟುಗಳನ್ನೆಲ್ಲ ಎಳೆದುಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಈಥರ್ನೆಟ್ ಸಂಪರ್ಕವನ್ನು ಒತ್ತಿ ‘ಮೀಟರ್ಡ್ ಕನೆಕ್ಷನ್’ ಹಚ್ಚಿದರೆ ಕೈ ಬಿಗಿ ಹಿಡಿಯುತ್ತದೆ. ವೈಫೈ ಹಾಟ್‌ಸ್ಪಾಟಿಗೆ ಅದನ್ನೇ ಬೇರೆಯಾಗಿ ಹಚ್ಚಬೇಕು, ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಚೌತಿಗೆ ಬಂದ ಮಕ್ಕಳಿಗೆ ಹಾಟ್‌ಸ್ಪಾಟಿನ ಪಾಸ್‌ವರ್ಡ್ ಹೇಳಿದ್ದು ನನ್ನದೇ ತಪ್ಪು, ಅದಕ್ಕೆ ವಿಂಡೋಸನ್ನು ದೂರುವಂತಿಲ್ಲ.

ಕರೆಂಟ್ ಹೋದಾಗ ತಂತಿ ತಿರುಗಿ ಕಚ್ಚುತ್ತದೆ. ಟೆದರಿಂಗ್ ನಡೆಯುವಾಗ ಫೋನು ಲ್ಯಾಪ್‌ಟಾಪಿನಿಂದಲೇ ಚಾರ್ಜ್ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವುದು ನಾಳೆಯೋ ನಾಡಿದ್ದೋ. ಆಗ ತಂತಿ ಕಿತ್ತು, ಫೋನಿಗೆ ಒಂದು ಪವರ್ ಬ್ಯಾಂಕ್ ಸಿಕ್ಕಿಸಿ, 2.4ರ ಹಾಟ್‌ಸ್ಪಾಟಿಗೆ ಮರಳುತ್ತೇನೆ. ಬ್ಲೂಟೂತ್ ಟೆದರಿಂಗನ್ನೂ ಒಮ್ಮೆ ನೋಡಿದೆ. ಬ್ಯಾಟರಿ ಉಳಿಯುತ್ತದೆ, ಆದರೆ ವೇಗ ಒಂದೆರಡು ಎಂಬಿಪಿಎಸ್ ದಾಟುವುದಿಲ್ಲ. ಬರಿಯ ಇಮೇಲಿಗೆ ಸಾಕು.

ಹರಿದ ಇಂಟರ್ನೆಟ್ ತಂತಿ ಕೊನೆಗೂ ಜೋಡಣೆಯಾಯಿತು. ಆಮೇಲೂ ಪ್ರತಿ ಮಳೆಗಾಲದಲ್ಲಿ ಒಂದೆರಡು ಸಲ ಹರಿಯುತ್ತಲೇ ಇದೆ, ಹಾಳೆಯ ಕೊಟ್ಟೆಯೂ ಕಿಟಕಿಯಲ್ಲೇ ಇದೆ. ಆ ಟವರೂ ಕೈಕೊಟ್ಟರೆ ಎಂದು ಇನ್ನೊಂದು ಕಂಪನಿಯ ಸಿಮ್ ಬೇಕಾಗಿತ್ತು. ಅದು ಆಯಿಯ, ಅಂದರೆ ನನ್ನ ಅಮ್ಮನ, ಫೋನಿನಲ್ಲಿದೆ. ಅವಳ ರೀಚಾರ್ಜ್ ಈಗ ನನ್ನ ಖರ್ಚು. ತಿಂಗಳ 20ನೆಯ ತಾರೀಖು ಅವಳು ಬೆಳಗಿನ ದೋಸೆ ಮುಗಿಸಿ, ಅಕ್ಕನಿಗೆ ಮಾಡಬೇಕಾದ ಕರೆಯನ್ನೂ ಮಾಡಿ ಮುಗಿಸಿ, ಫೋನನ್ನು ತಂದು ಅಟ್ಟದ ಏಣಿಯ ಮೊದಲ ಮೆಟ್ಟಿಲಿನ ಮೇಲೆ ಇಟ್ಟು ಹೋಗುತ್ತಾಳೆ.