ಹಲಸಿನ ಬೊಡ್ಡೆಯ ಟೀಪಾಯಿಗೆ ಯಾವ ಪಾಲಿಶ್?

ಮಳೆಗಾಲದ ಗಾಳಿಗೆ ತೋಟದಲ್ಲಿ ಒಂದಲ್ಲ ಒಂದು ಮರ ಬೀಳುತ್ತಲೇ ಇರುತ್ತದೆ. ಹಾಗೆ ಬಿದ್ದ ಹಲಸಿನ ಮರವನ್ನು ಸೌದೆ ಮಾಡಲು ಮನಸ್ಸಾಗಲಿಲ್ಲ. ಬೊಡ್ಡೆ ಸೀಳಿಸಿ ಟೀಪಾಯಿ ಮಾಡಿದೆ. ಕಾಲುಗಳಿಗೆ ಕಿತ್ತು ಹಾಕಿದ್ದ ಹಳೇ ರೊಬಸ್ಟಾ ಕಾಫಿ ಗಿಡದ ಕಾಂಡ. ಹಲಗೆಯ ಎರಡೂ ತುದಿಗೆ ಮೇಣ ಬಳಿದು, ನೆರಳಲ್ಲಿ ಅಡ್ಡಪಟ್ಟಿ ಕೊಟ್ಟು ಒಣಗಿಸಿದ್ದೆ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಆಚಾರಿಗಳ ಲೆಕ್ಕ. ನಮ್ಮ ತಂಡಿ ಹವೆಗೆ ಅದೂ ಸಾಲದು.

ಅಂಗಡಿಯಲ್ಲಿ ಕೇಳಿದರೆ ಪಿಯು (ಪಾಲಿಯುರಿಥೇನ್) ಹಾಕಿ, ಮೆಲಮೈನ್ ಹಾಕಿ ಅಂತಾರೆ. ಎರಡೂ ಮರದ ಮೇಲೆ ಗಟ್ಟಿ ಪದರ ಕಟ್ಟುತ್ತವೆ. ಪ್ಲೈವುಡ್‌ಗೆ ಅದು ಸರಿ. ಆದರೆ ನಮ್ಮ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ. ದಪ್ಪ ಹಲಗೆ ಜೂನ್‌ನಿಂದ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಪದರ ಮೊದಲು ಬಿಡುವುದು ತೊಗಟೆ ತೆಗೆದ ಅಂಚಿನಲ್ಲಿ, ಬಿರುಕಿನ ಬಾಯಲ್ಲಿ. ಅಲ್ಲಿಂದ ತೇವ ಒಳಗೆ ಹೋದರೆ ಅಡಿಯಲ್ಲಿ ಬೆಳ್ಳಗಾಗುತ್ತದೆ. ಆಮೇಲೆ ಅಷ್ಟನ್ನೂ ಉಜ್ಜಿ ತೆಗೆಯದೆ ದಾರಿಯಿಲ್ಲ. ವರ್ಷವರ್ಷ ಮೇಲೊಂದು ಕೈ ಬಳಿಯಲು ಬರುವಂಥದ್ದೇ ಇಲ್ಲಿಗೆ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅದೇ ಹಲಗೆಯಲ್ಲಿ ಉಳಿದ ತುಂಡುಗಳಿಗೆ ಬೇರೆಬೇರೆ ಬಳಿದು ನೋಡಿದೆ. ಒಂದೊಂದರ ಮೇಲೂ ಬಿಸಿ ಕಾಫಿ ಲೋಟ ಇಟ್ಟೆ. ಅರಗಿನ ಪಾಲಿಶ್ ಎಲ್ಲಕ್ಕಿಂತ ಚಂದ ಹೊಳೆಯುತ್ತಿತ್ತು. ಲೋಟ ಎತ್ತಿದರೆ ಬಿಳಿ ಬಳೆಯಂಥ ಗುರುತು. ಬರೀ ಜೇನುಮೇಣ ಕೈಗೆ ಹಿತ, ಆದರೆ ಅದು ಸುಮಾರು 63 ಡಿಗ್ರಿಗೇ ಕರಗುತ್ತದೆ, ಅಲ್ವಾ? ಅಲ್ಲೂ ಕಲೆ. ಹಸಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಸತಾಯಿಸಿತು. ಮಳೆಗಾಲದಲ್ಲಿ ಅದರ ಮೇಲೆ ಕರಿ ಬೂಷ್ಟೂ ಬಂತು.

ಉಳಿದುಕೊಂಡದ್ದು ಮಿಶ್ರಣ. ಎಣ್ಣೆಯ ವಾರ್ನಿಶ್, ಕಾಯಿಸಿದ ಅಗಸೆ ಎಣ್ಣೆ (ಅಂಗಡಿಯಲ್ಲಿ ಸಿಗುವ ಬಾಯಿಲ್ಡ್ ಲಿನ್ಸೀಡ್ ಆಯಿಲ್), ಟರ್ಪೆಂಟೈನ್ ಮೂರೂ ಸಮಪಾಲು. ಕಾಫಿ ಲೋಟದ ಗುರುತು ಹುಡುಕಿದರೂ ಕಾಣಲಿಲ್ಲ. ಜನವರಿಯ ಒಣ ಬಿಸಿಲಿನ ದಿನ ನೋಡಿ, 180ರ ಸ್ಯಾಂಡ್‌ಪೇಪರ್‌ವರೆಗೆ ಉಜ್ಜಿ, ಹಳೇ ಬನಿಯನ್ ಬಟ್ಟೆಯಲ್ಲಿ ತೆಳ್ಳಗೆ ಬಳಿದೆ. ಅರಿಶಿನದ ಹಳದಿ ಇದ್ದ ಹಲಸು ನೋಡನೋಡುತ್ತಾ ಜೇನಿನ ಬಣ್ಣಕ್ಕೆ ತಿರುಗಿತು, ಗೀರುಗೀರಿನ ನಾರೆಲ್ಲ ಎದ್ದು ಕಂಡಿತು. ಕಾಲು ಗಂಟೆ ಬಿಟ್ಟು, ಹೀರದೆ ಮೇಲೆ ನಿಂತದ್ದನ್ನೆಲ್ಲ ಒರೆಸಬೇಕು. ಇಲ್ಲದಿದ್ದರೆ ಅಂಟಂಟು. ಮಾರನೇ ದಿನ ಇನ್ನೊಂದು ಕೈ, ಹೀಗೇ ಮರ ಕುಡಿಯೋದು ನಿಲ್ಲಿಸುವವರೆಗೆ. ಹಲಗೆಯ ಅಡಿಭಾಗಕ್ಕೂ ಅಷ್ಟೇ ಬಳಿಯಿರಿ. ಮೇಲೆ ಮಾತ್ರ ಬಳಿದರೆ ಅಡಿಯಿಂದ ತೇವ ಹೀರಿ ಹಲಗೆ ಬಾಗುತ್ತದೆ.

ಈಗ ವರ್ಷವರ್ಷ ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದು ಬಿಸಿಲು ಗಟ್ಟಿಯಾದ ಮೇಲೆ ಒಂದು ಕೈ ಬಳಿಯುತ್ತೇನೆ. ಒಂದು ಬೆಳಗ್ಗೆ ಸಾಕು.

ಒರೆಸಿದ ಬಟ್ಟೆಯನ್ನು ಮಾತ್ರ ಸುಮ್ನೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗಿಯೇ ಬೆಂಕಿ ಹತ್ತಬಹುದು. ನಾನು ಬಕೆಟ್ ನೀರಲ್ಲಿ ಅದ್ದಿ, ಆಮೇಲೆ ಅಂಗಳದ ಕಲ್ಲಿನ ಮೇಲೆ ಬಿಡಿಸಿ ಹರಡುತ್ತೇನೆ.