ಮಾರುತಿ 800ರ ಮೇಲಿನ ಹೋಸ್: ಎರಡು ಸಲ ಬಿಚ್ಚಿ ಜೋಡಿಸಿದ ಅನುಭವ

ಕಳೆದ ಏಪ್ರಿಲ್ ತಿಂಗಳಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಹಿಂದಿರುಗುತ್ತಿದ್ದಾಗ, ಭರಮಸಾಗರ ದಾಟಿ ಸ್ವಲ್ಪ ದೂರ ಬಂದಿದ್ದೆವು, ಕಾರಿನೊಳಗೆ ಬೆಲ್ಲದ ಪಾಕ ಕಾಯಿಸಿದಂಥ ಸಿಹಿ ವಾಸನೆ ಹರಡಿತು. ರಸ್ತೆಬದಿಯಲ್ಲಿ ಎಲ್ಲೋ ಅಡುಗೆ ನಡೆದಿರಬೇಕೆಂದು ಎರಡು ನಿಮಿಷ ಕಡೆಗಣಿಸಿದೆ. ಆಮೇಲೆ ಮೀಟರಿನತ್ತ ನೋಡಿದರೆ, ಯಾವಾಗಲೂ ಅರ್ಧಕ್ಕಿಂತ ಕೆಳಗೇ ನಿಲ್ಲುತ್ತಿದ್ದ ಬಿಸಿಯ ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೆ ಬಂದಿತ್ತು. ಬೇವಿನ ಮರವೊಂದರ ಕೆಳಗೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ಎಂಜಿನ್‌ನಿಂದ ರೇಡಿಯೇಟರಿನ ಮೇಲ್ತುದಿಗೆ ಹೋಗುವ ಹೋಸ್‌ನಲ್ಲಿ, ಎಂಜಿನ್ ಕಡೆಯ ಕ್ಲಿಪ್‌ನಿಂದ ಅರ್ಧ ಅಂಗುಲ ಈಚೆಗೆ, ಕೂದಲೆಳೆಯಂಥ ಸೀಳಿನಿಂದ ಎಂಜಿನ್ ತಣಿಸುವ ಹಸಿರು ದ್ರವ, ಅಂದರೆ ಕೂಲಂಟ್, ಸಣ್ಣಗೆ ಚಿಮ್ಮುತ್ತಿತ್ತು.

ನನ್ನದು 1998ರ ಮಾರುತಿ 800, ಕಾರ್ಬ್ಯುರೇಟರ್ ಇರುವ, ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಸಿಲಿಂಡರುಗಳ ಮೇಲೆ ಕೂರುವ ಅದರ ಹೆಡ್ ಅಲ್ಯೂಮಿನಿಯಂನದು. ಹೀಟ್ ಆದ ಗಾಡಿಯನ್ನು ಹಾಗೇ ಓಡಿಸಿದರೆ ಹೆಡ್ ಸೊಟ್ಟಗಾಗಿ, ಅದರಡಿಯಲ್ಲಿ ಸೋರಿಕೆ ತಡೆಯುವ ಗ್ಯಾಸ್ಕೆಟ್ ಹೋಗುತ್ತದೆಂಬುದು ಗೊತ್ತಿದ್ದರಿಂದ, ಮನೆಯವರು ಎಷ್ಟೇ ಅವಸರಪಡಿಸಿದರೂ ಮುಕ್ಕಾಲು ಗಂಟೆ ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. 0.9 ಎಂದು ಅಚ್ಚೊತ್ತಿರುವ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದಲೇ ಅದೇ ನೀರು 115 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಬಿಸಿ ಇರುವಾಗ ಆ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿದು, ನೀರು ಭಗ್ಗನೆ ಕುದಿದು ಆವಿಯ ಜೊತೆ ಮುಖಕ್ಕೇ ಹಾರುತ್ತದೆ.

ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಸಿಕ್ಕ ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲದ ಪಟ್ಟಿಯಾಗಿ ಸೀಳಿ, ಹೋಸನ್ನು ಒರೆಸಿ ಒಣಗಿಸಿ, ಪಟ್ಟಿಯನ್ನು ಎಳೆದೆಳೆದು ಸುತ್ತಿ ಕಟ್ಟಿದೆ. ಒತ್ತಡ ಏರಿದರೆ ಈ ಕಟ್ಟು ನಿಲ್ಲುವುದಿಲ್ಲವಾದ್ದರಿಂದ ಮುಚ್ಚಳವನ್ನು ಪೂರ್ತಿ ಕೂರಿಸದೆ ಮೊದಲ ಕಚ್ಚಿನಲ್ಲೇ ಬಿಟ್ಟು, ಎಂಜಿನ್ನಿನ ಬಿಸಿ ಆ ದಾರಿಯಲ್ಲೂ ಹೊರಹೋಗಲೆಂದು ಹೀಟರ್ ಪೂರ್ತಿ ತೆರೆದು, ಕಿಟಕಿಗಳನ್ನೆಲ್ಲ ಇಳಿಸಿ, ನಲವತ್ತರ ವೇಗದಲ್ಲಿ ಹೊರಟೆವು. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ನೀರು ಹಾಕಬೇಕಾಯಿತು. ಏಪ್ರಿಲ್ ಮಧ್ಯಾಹ್ನದಲ್ಲಿ ಹೀಟರ್ ಹಾಕಿಕೊಂಡು ಪ್ರಯಾಣ ಮಾಡಿದ್ದನ್ನು ಮನೆಯವರು ಇನ್ನೂ ಮರೆತಿಲ್ಲ.

ಮರುದಿನ ಬೆಳಿಗ್ಗೆ ಹಳೆಯ ಹೋಸನ್ನು ತೆಗೆಯಲು ಕುಳಿತೆ. ಎಂಜಿನ್ ಪೂರ್ತಿ ತಣ್ಣಗಾಗಿತ್ತು. ಫ್ಯಾನ್ ಅಚಾನಕ್ಕಾಗಿ ತಿರುಗದಿರಲೆಂದು ಬ್ಯಾಟರಿಯ ನೆಗೆಟಿವ್ ತಂತಿಯನ್ನೂ ಕಳಚಿದ್ದೆ. ಕೂಲಂಟನ್ನು ಅಗಲವಾದ ಬೇಸಿನ್‌ಗೆ ಇಳಿಸಿ, ತಕ್ಷಣ ಕ್ಯಾನಿಗೆ ತುಂಬಿ ಮುಚ್ಚಳ ಹಾಕಿದೆ. ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ನಮ್ಮ ಬೀದಿಯಲ್ಲಿ ನಾಯಿಗಳೂ ಬೆಕ್ಕುಗಳೂ ಧಾರಾಳವಾಗಿವೆ.

ಹೋಸ್ ಅಲುಗಲಿಲ್ಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಸಿಯಾಗಿ ತಣ್ಣಗಾಗಿ ರಬ್ಬರ್ ಲೋಹಕ್ಕೆ ಅಂಟಿಕೊಂಡಿರುತ್ತದೆ. ಇಂಥ ಹೊತ್ತಿನಲ್ಲಿ ಪಕ್ಕಡ್ ಹಿಡಿದು ತಿರುಚುವುದೇ ಮೊದಲು ತೋಚುವ ಉಪಾಯ. ಆದರೆ ನನ್ನ ರೇಡಿಯೇಟರ್ ಹಳೆಯ ಹಿತ್ತಾಳೆಯದು, ಹೋಸ್ ಸಿಕ್ಕಿಸುವ ಅದರ ಮೂತಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ, ತಿರುಚಿದರೆ ಬೆಸುಗೆಯೇ ಬಿಡುತ್ತದೆ. ಹೋಸ್ ಹೇಗೂ ಹೋಗಿರುವ ಮಾಲು. ಬ್ಲೇಡಿನಿಂದ ಉದ್ದಕ್ಕೆ ಗೀರಿ, ಲೋಹಕ್ಕೆ ತಾಗದಷ್ಟು ಆಳಕ್ಕೆ ಕೊಯ್ದು, ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ತೆಗೆದೆ.

ಹಾಗೆ ಸುಲಿದ ಹೋಸನ್ನು ಬೆಳಕಿಗೆ ಹಿಡಿದಾಗ ನಾನು ಎಣಿಸಿದ್ದೆಲ್ಲ ತಲೆಕೆಳಗಾಯಿತು. ಹೊರಮೈ ಕಪ್ಪಗೆ, ನುಣುಪಾಗಿ, ಇನ್ನೂ ನಾಲ್ಕು ವರ್ಷ ಬಾಳುವಂತಿತ್ತು. ಒಳಮೈಯಲ್ಲಿ ಮಾತ್ರ, ತುದಿಯಿಂದ ಎರಡು ಅಂಗುಲದೊಳಗೆ, ಕೆರೆಯ ಒಣ ಮಣ್ಣು ಬಿರಿದಂತೆ ಉದ್ದುದ್ದ ಸೀಳುಗಳು ಎದ್ದಿದ್ದವು. ಎಂಜಿನ್ನಿನ ಅಲ್ಯೂಮಿನಿಯಂ, ರೇಡಿಯೇಟರಿನ ಹಿತ್ತಾಳೆ ಇವೆರಡರ ನಡುವೆ ಕೂಲಂಟ್ ಬ್ಯಾಟರಿಯ ಆ್ಯಸಿಡ್‌ನಂತೆ ವರ್ತಿಸಿ, ಸೂಕ್ಷ್ಮ ವಿದ್ಯುತ್ ಹರಿದು, ರಬ್ಬರನ್ನು ಒಳಗಿನಿಂದ ತಿನ್ನುತ್ತದೆ. ಕೂಲಂಟಿನ ತುಕ್ಕು ತಡೆಯುವ ಗುಣ ಮುಗಿದಷ್ಟೂ ಇದು ಹೆಚ್ಚು. ಆದ್ದರಿಂದ ಹೋಸನ್ನು ಕಣ್ಣಿನಿಂದ ನೋಡಿ ಪರೀಕ್ಷಿಸುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ತಣ್ಣಗಿರುವಾಗ ಮೊದಲು ನಡುವೆ, ಆಮೇಲೆ ಕ್ಲಿಪ್‌ನ ಪಕ್ಕದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅದುಮಬೇಕು. ತುದಿ ನಡುವಿಗಿಂತ ಮೆತ್ತಗಿದ್ದರೆ, ಒಳಗೆ ಪದರ ಜಾರಿದಂತೆ ಅನ್ನಿಸಿದರೆ, ಅದರ ಕಾಲ ಮುಗಿದಿದೆ. ನಾನು ಈ ಪರೀಕ್ಷೆಯನ್ನು ಒಮ್ಮೆಯೂ ಮಾಡಿರಲಿಲ್ಲ.

ಹೊಸದನ್ನು ತರಲು ಪಿ.ಬಿ. ರಸ್ತೆಯ ಕಡೆಗೆ ಹೋಗುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ಅಂಗಡಿಯವರು ಮೊದಲು ನೇರ ಹೋಸ್ ಕೊಟ್ಟು, ಬಗ್ಗಿಸಿ ಹಾಕಿಕೊಳ್ಳಿ ಎಂದರು. ನೇರ ಹೋಸ್ ತಿರುವಿನಲ್ಲಿ ಮಡಚಿಕೊಂಡು ಹರಿವನ್ನು ತಡೆಯುತ್ತದೆಯಾದ್ದರಿಂದ, ಅಚ್ಚಿನಲ್ಲೇ ಬಾಗು ಕೊಟ್ಟದ್ದನ್ನು ಕೇಳಿ ಪಡೆದೆ; ಕತ್ತರಿಸಿದ ತುದಿಯಲ್ಲಿ ಎರಡು ರಬ್ಬರ್ ಪದರಗಳ ನಡುವೆ ನೂಲಿನ ಹೆಣಿಗೆ ಕಾಣುತ್ತದೆಯೇ ಎಂದೂ ನೋಡಿಕೊಂಡೆ. ಕೆಳಗಿನ ಹೋಸ್ ಕೂಡ ಅಷ್ಟೇ ಹಳೆಯದಾದ್ದರಿಂದ ಅದನ್ನೂ, ನಾಲ್ಕು ಹೊಸ ಕ್ಲಿಪ್‌ಗಳನ್ನೂ ತಂದೆ.

ಜೋಡಿಸಲು ಹತ್ತು ನಿಮಿಷ ಸಾಕಾಯಿತು. ಹೋಸ್ ಸಲೀಸಾಗಿ ಜಾರಲೆಂದು ಒಳಗೆ ಕೂಲಂಟನ್ನೇ ಸವರಿದೆ. ಗ್ರೀಸ್ ಅಥವಾ ಆಯಿಲ್ ಹಚ್ಚಿದರೆ ಈ ಜಾತಿಯ ರಬ್ಬರ್ ಊದಿಕೊಳ್ಳುತ್ತದೆ. ಕ್ಲಿಪ್ ಬಿಗಿ ಮಾಡಿ, ಎಂಜಿನ್ ಚಾಲೂ ಮಾಡಿ ಸಂಭ್ರಮಪಟ್ಟೆ. ಕಾಲು ಗಂಟೆಯ ನಂತರ ಎಂಜಿನ್ ಕಡೆಯ ತುದಿಯಿಂದ ಒಂದೊಂದೇ ಹನಿ ತೊಟ್ಟಿಕ್ಕತೊಡಗಿತು. ಕ್ಲಿಪ್ಪನ್ನು ಇನ್ನೂ ಬಿಗಿಗೊಳಿಸಿದೆ. ಹನಿ ನಿಲ್ಲಲಿಲ್ಲ, ಕ್ಲಿಪ್‌ನ ಹಲ್ಲುಗಳ ಸಂದಿನಲ್ಲಿ ಹೊಸ ರಬ್ಬರ್ ಉಬ್ಬತೊಡಗಿತು. ಅಲ್ಲಿಗೆ ಕೈ ಬಿಟ್ಟೆ, ಏಕೆಂದರೆ ಇನ್ನೊಂದು ಸುತ್ತು ತಿರುಗಿಸಿದ್ದರೆ ಹೋಸನ್ನು ನಾನೇ ಕತ್ತರಿಸಿದಂತಾಗುತ್ತಿತ್ತು.

ಸಂಜೆ ಎಲ್ಲ ತಣ್ಣಗಾದ ಮೇಲೆ ಮತ್ತೆ ಬಿಚ್ಚಿದೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ಮೇಲಿನ ಅಲ್ಯೂಮಿನಿಯಂ ಮೂತಿ ಮೇಲಿನಿಂದ ನೋಡಲು ಚೊಕ್ಕಟವಾಗಿತ್ತು. ಅದರ ಅಡಿಭಾಗಕ್ಕೆ ಬೆರಳು ಹಾಯಿಸಿದಾಗ, ಬಚ್ಚಲ ನಲ್ಲಿಯ ಬಾಯಿಗೆ ಕಟ್ಟುವ ಸುಣ್ಣದಂಥ ಗಡಸು ದಿಂಡು ಸಿಕ್ಕಿತು. ಗಡ್ಡ ಮಾಡಿಕೊಳ್ಳುವ ಕನ್ನಡಿಯನ್ನು ಕೆಳಗೆ ಹಿಡಿದು ಟಾರ್ಚ್ ಬಿಟ್ಟರೆ, ಲೋಹವೇ ಉದುರಿ ಬಿಳಿ ಪುಡಿಯಾಗಿ, ಅಲ್ಲಲ್ಲಿ ಸಾಸಿವೆ ಕಾಳಿನ ಗಾತ್ರದ ಗುಳಿಗಳು ಬಿದ್ದಿದ್ದವು. ಹಿಂದಿನ ಬೇಸಿಗೆಗಳಲ್ಲಿ ಕೂಲಂಟ್ ಕಡಿಮೆಯಾದಾಗಲೆಲ್ಲ ನಾನು ಮನೆಯ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದೆ. ಆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ದಿನವೂ ನೋಡುತ್ತಿದ್ದರೂ, ಎಂಜಿನ್ನಿನಲ್ಲೂ ಅದೇ ನಡೆಯುತ್ತಿರಬಹುದೆಂದು ಯೋಚಿಸಿರಲಿಲ್ಲ.

ಕಸ ಒಳಗೆ ಬೀಳದಂತೆ ಮೂತಿಯ ಬಾಯಿಗೆ ಬಟ್ಟೆ ತುರುಕಿ, ದಿಂಡನ್ನು ಮೊಂಡು ಚಾಕುವಿನಿಂದ ಕೆರೆದು, 400ನೇ ನಂಬರಿನ ವಾಟರ್ ಪೇಪರನ್ನು ಪಟ್ಟಿಯಾಗಿ ಕತ್ತರಿಸಿ, ಮೂತಿಯ ಸುತ್ತ ಹಾಕಿ ಮಜ್ಜಿಗೆ ಕಡೆಯುವಂತೆ ಎರಡೂ ಕೈಯಿಂದ ಎಳೆದೆಳೆದು ಉಜ್ಜಿದೆ. ಇದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಗುಳಿಗಳು ಪೂರ್ತಿ ಹೋಗಲಿಲ್ಲ, ಆದರೆ ಬೆರಳಿಗೆ ಏಣು ತಾಗದಷ್ಟು ನುಣುಪಾಯಿತು. ಸಿಲಿಕೋನ್ ಗಮ್ ಹಚ್ಚಿಬಿಡಿ ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟರು. ಮುಂದಿನ ಸಲ ಬಿಚ್ಚುವವನೂ ನಾನೇ ಆದ್ದರಿಂದ ಒಪ್ಪಲಿಲ್ಲ. ಮೊದಲ ಸಲ ಕ್ಲಿಪ್ಪನ್ನು ಮೂತಿಯ ಉಬ್ಬುಗೆರೆಯ ಮೇಲೆಯೇ ಕೂರಿಸಿದ್ದೆನೆಂಬುದೂ ಆಗಲೇ ತಿಳಿಯಿತು. ಈ ಸಲ ಹೊಸ ಕ್ಲಿಪ್ಪನ್ನು ಆ ಗೆರೆಯ ಹಿಂದಕ್ಕೆ ಸರಿಸಿ ಬಿಗಿದೆ.

ಕೂಲಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಸಮಸಮ ಬೆರೆಸಿ ನಿಧಾನವಾಗಿ ತುಂಬಿಸಿದೆ. ಹೀಟರ್ ತೆರೆದು, ರೇಡಿಯೇಟರಿನ ಮುಚ್ಚಳ ಹಾಕದೆ ಎಂಜಿನ್ ಓಡಿಸುತ್ತಾ, ಮೇಲಿನ ಹೋಸನ್ನು ಆಗಾಗ ಅದುಮಿದಂತೆ ಗುಳ್ಳೆಗಳು ಬುಳಬುಳನೆ ಹೊರಬಂದವು. ಥರ್ಮೋಸ್ಟಾಟ್ ತೆರೆದ ಕ್ಷಣ ಅದುವರೆಗೆ ಉಗುರುಬೆಚ್ಚಗಿದ್ದ ಹೋಸ್ ಕೈ ಸುಡುವಂತಾಗಿ, ಮಟ್ಟ ನಾಲ್ಕು ಬೆರಳು ಇಳಿಯಿತು. ಮತ್ತೆ ತುಂಬಿಸಿ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ಚಾಲೂ ಆಗಿ ನಿಲ್ಲುವವರೆಗೆ ಕಾದೆ. ಕೆಳಗೆ ಹಾಸಿದ್ದ ಪತ್ರಿಕೆಯ ಹಾಳೆ ಒಣಗಿಯೇ ಇತ್ತು. ವಾರದ ನಂತರ ರಬ್ಬರ್ ತನ್ನ ಜಾಗಕ್ಕೆ ಕುಳಿತು ಕ್ಲಿಪ್‌ಗಳು ಕೊಂಚ ಸಡಿಲಾಗಿದ್ದವು. ನಾಲ್ಕಕ್ಕೂ ಕಾಲು ಸುತ್ತು ಕೊಟ್ಟೆ. ಡಿಕ್ಕಿಯಲ್ಲಿ ಈಗ ಎರಡು ಲೀಟರ್ ಡಿಸ್ಟಿಲ್ಡ್ ವಾಟರ್ ಇದೆ. ಅದರ ಪಕ್ಕದಲ್ಲೇ ಆ ಸೈಕಲ್ ಟ್ಯೂಬಿನ ಪಟ್ಟಿಯೂ ಸುತ್ತಿಟ್ಟುಕೊಂಡು ಬಿದ್ದಿದೆ.